ತೊದಲಿಗೂ ಒಂದು ಕಾಯ್ದೆ!

‘ತಡವಳ’ ಅನ್ನಿ ನೋಡೋಣ. ಇನ್ನೊಮ್ಮೆ, ನಿಧಾನವಾಗಿ! ತ: ನಾಲಿಗೆ ಹಲ್ಲಿಗೆ ತಾಗಿತು. ಡ: ತುದಿ ಮೇಲೆದ್ದು ಅಂಗುಳಕ್ಕೆ ಬಡಿಯಿತು. ವ: ಕೆಳತುಟಿ ಹಲ್ಲಿನತ್ತ ಹೋಯಿತು. ಳ: ನಾಲಿಗೆ ಮತ್ತೆ ಅಂಗುಳಕ್ಕೆ, ಗಾಳಿ ಪಕ್ಕದಿಂದ ಹೊರಕ್ಕೆ! ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ಒಂದು ಊರಿನ ಹೆಸರು ಹೇಳೋಕೇ ಇಷ್ಟು ಕಸರತ್ತು!

ಎರಡೂವರೆ ವರ್ಷದ ಕೂಸು ಇದನ್ನು ಏನನ್ನಬಹುದು? ಊಹಿಸಿ. ‘ತದವಲ’! ಅಕ್ಕಲಕೋಟ? ‘ಅತ್ತಲತೋತ’!

ನಗಬೇಡಿ, ಸರಿಯಾಗಿ ನೋಡಿ. ಕ ಇದ್ದಲ್ಲೆಲ್ಲ ತ! ಗಂಟಲ ಹತ್ತಿರದ ಸದ್ದನ್ನು ಮಗು ಹಲ್ಲಿನ ಹತ್ತಿರಕ್ಕೆ ಎಳೆದುಕೊಂಡಿದೆ. ಯಾರೂ ಕಲಿಸಿಲ್ಲ! ಕನ್ನಡದ ಗಂಧವೇ ಇಲ್ಲದ ದೇಶಗಳ ಮಕ್ಕಳೂ ಕ ಬಿಟ್ಟು ತ ಹಿಡಿಯುತ್ತವೆ!

ಹಾಗಾದರೆ ವ್ಯತ್ಯಾಸ ಮಗುವಿಗೆ ಕೇಳಿಸೋದೇ ಇಲ್ಲವೇ? ಮಜಾ ಇರೋದೇ ಇಲ್ಲಿ! 1960ರಲ್ಲಿ ಅಮೆರಿಕದ ಸಂಶೋಧಕರಾದ ಬರ್ಕೊ ಮತ್ತು ಬ್ರೌನ್ ಒಂದು ಮಗುವಿನ ಕತೆ ಬರೆದರು. ಪ್ಲಾಸ್ಟಿಕ್ ಮೀನಿಗೆ ಅದು ‘ಫಿಸ್’ ಅನ್ನುತ್ತಿತ್ತು. ದೊಡ್ಡವರೂ ‘ಇದು ನಿನ್ನ ಫಿಸ್ಸಾ?’ ಅಂದರೆ, ಊಹೂಂ, ಒಪ್ಪಲಿಲ್ಲ! ‘ಫಿಶ್’ ಅಂದಮೇಲೇ ತಲೆಯಾಡಿಸಿತು. ಕಿವಿ ಪಾಸು, ನಾಲಿಗೆ ಮಾತ್ರ ಹಿಂದೆ!

ಇನ್ನೂ ಇದೆ! ತ–ಟ ವ್ಯತ್ಯಾಸ ಹಿಡಿಯಲು ಇಂಗ್ಲಿಷಿನವರು ಪರದಾಡುತ್ತಾರಲ್ಲ? ಕೆನಡಾದ ಸಂಶೋಧಕರಾದ ವರ್ಕರ್ ಮತ್ತು ಟೀಸ್ ಅದನ್ನು ಇಂಗ್ಲಿಷ್ ಮನೆಗಳ ಎಳೆಯರಿಗೆ ಕೇಳಿಸಿದರು. ಅವು ಥಟ್ಟನೆ ಗುರುತಿಸಿದವು! ವಯಸ್ಸೆಷ್ಟಿರಬಹುದು? ಮೂರು ವರ್ಷ? ಎರಡು? ಬರೀ 6ರಿಂದ 8 ತಿಂಗಳು! ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವು ಆ ಕಿವಿಯನ್ನು ಕಳೆದುಕೊಂಡಿದ್ದವು. ಇದು ಪ್ರಕಟವಾದದ್ದು 1984ರಲ್ಲಿ.

ತಡವಳದ ಕೂಸಿಗೆ ಆ ನಷ್ಟವಿಲ್ಲ. ಮನೆಯ ಕನ್ನಡದಲ್ಲೂ ಟ, ಅಂಗಡಿಯ ಮರಾಠಿಯಲ್ಲೂ ಟ! ಳ ಕೂಡ ಎರಡರಲ್ಲೂ ಉಂಟು, ತಪ್ಪಿಸಿಕೊಳ್ಳೋ ಹಾಗೇ ಇಲ್ಲ! (ಎರಡು ಭಾಷೆ ಕಿವಿಗೆ ಬಿದ್ದರೆ ತೊದಲು ಬರುತ್ತದೆ ಅನ್ನೋರ ಮಾತು ಬಿಟ್ಟುಬಿಡಿ.)

ರ, ಳ ತಡವಾಗಿಯೇ ಬರುವಂಥವು. ಆದರೆ ನಾಲ್ಕು ತುಂಬಿದ ಮಗುವಿನ ಮಾತು ಹೊರಗಿನವರಿಗೆ ತಿಳಿಯದಿದ್ದರೆ? ಅಜ್ಜಿ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾಳೆ. ತಜ್ಞರು ಮೊದಲು ಪರೀಕ್ಷಿಸೋದು ಏನನ್ನು ಹೇಳಿ? ಕಿವಿಯನ್ನು! ಅಲ್ಲಿ ಎಲ್ಲ ಸರಿಯಿದ್ದರೆ ಆಮೇಲೆ ಚಿತ್ರಗಳ ಸರದಿ. ಚಿತ್ರ ತೋರಿಸುತ್ತಾರೆ, ಮಗು ಹೆಸರು ಹೇಳುತ್ತದೆ. ಮೊದಲಲ್ಲಿ ಕ ಬಂತೇ, ನಡುವೆ ಬಂತೇ? ಒಂದೊಂದನ್ನೂ ಗುರುತು ಹಾಕಿಕೊಳ್ಳುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದೇ ಇಂಥ ಕೆಲಸಕ್ಕೆ, 1965ರಲ್ಲಿ!