ಲಿವರಿನ ಕಲೆ: ರಕ್ತಪರೀಕ್ಷೆ ಏನು ಹೇಳುತ್ತದೆ?



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಸಂಘಗಳ ಸಭೆಗೆ ನಾವು ಬಂದಾಗ ಕೆಲವರು ಲ್ಯಾಬ್ ರಿಪೋರ್ಟ್ ಹಿಡಿದು ಬರುತ್ತಾರೆ. "ಸಿಸ್ಟರ್, ನಮ್ಮನೆಯವರಿಗೆ ಹೆಪಟೈಟಿಸ್ ಬಿ ಅಂತ ಬರೆದಿದ್ದಾರೆ. ಚೆನ್ನಾಗಿ ಉಣ್ತಾರೆ, ಕೂಲಿಗೂ ಹೋಗ್ತಾರೆ. ಮತ್ಯಾಕೆ ಇನ್ನೊಂದ್ಸಲ ರಕ್ತ ಕೊಡ್ಬೇಕು?" ಎಂದು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಇದು.

ಕುಡುಗೋಲು ತಾಗಿದ ಗಾಯ ಮಾಯ್ದ ಮೇಲೆ ಕಲೆ ಉಳಿಯುತ್ತದಲ್ಲವೇ? ಹೆಪಟೈಟಿಸ್ ಬಿ ಅಥವಾ ಸಿ ವೈರಸ್ ಆರು ತಿಂಗಳಿಗಿಂತ ಹೆಚ್ಚು ಕಾಲ ದೇಹದಲ್ಲಿ ಉಳಿದರೆ ಲಿವರಿನಲ್ಲೂ ಹೀಗೆಯೇ ಕಲೆ ಕೂಡುತ್ತಾ ಹೋಗಬಹುದು. ಎಷ್ಟೋ ವರ್ಷ ನೋವೇ ಇರುವುದಿಲ್ಲ. ಕೊನೆಗೆ ಲಿವರ್ ಗಟ್ಟಿಯಾಗುತ್ತದೆ, ಇದೇ ಸಿರೋಸಿಸ್. ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಸಾಲ ಮಾಡಿ ಓಡುವುದಕ್ಕಿಂತ ಮೊದಲೇ ತಿಳಿಯುವುದು ಲೇಸು.

ಹಿಂದೆ ಕಲೆ ನೋಡಲು ಸೂಜಿ ಚುಚ್ಚಿ ಲಿವರಿನ ಚೂರು ತೆಗೆಯಬೇಕಿತ್ತು. ಈಗ ಎರಡು ಸಾಮಾನ್ಯ ರಕ್ತಪರೀಕ್ಷೆಗಳಿಂದಲೇ ಅಂದಾಜು ಸಿಗುತ್ತದೆ. ಒಂದು ಎಸ್‌ಜಿಒಟಿ. ಲಿವರಿಗೆ ಪೆಟ್ಟಾದಾಗ ಇದು ರಕ್ತದಲ್ಲಿ ಏರುತ್ತದೆ. ಇನ್ನೊಂದು ಪ್ಲೇಟ್‌ಲೆಟ್. ಗಟ್ಟಿಯಾದ ಲಿವರಿನೊಳಗೆ ರಕ್ತ ಸರಾಗವಾಗಿ ಹರಿಯದೆ ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಅವು ಇಳಿಯುತ್ತವೆ.

ಇವೆರಡನ್ನೂ ಸೇರಿಸಿದ ಲೆಕ್ಕಕ್ಕೆ 'ಎಪ್ರಿ' ಎನ್ನುತ್ತಾರೆ. ಎಸ್‌ಜಿಒಟಿ 80, ಲ್ಯಾಬಿನ ಮೇಲ್ಮಿತಿ 40 ಎನ್ನಿ. 80ನ್ನು 40ರಿಂದ ಭಾಗಿಸಿದರೆ 2. ಪ್ಲೇಟ್‌ಲೆಟ್ ಒಂದು ಲಕ್ಷ, ಅಂದರೆ 100 ಸಾವಿರ. 2ನ್ನು 100ರಿಂದ ಭಾಗಿಸಿ 100ರಿಂದ ಗುಣಿಸಿದರೆ 2. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಂತೆ, ಹೆಪಟೈಟಿಸ್ ಬಿ ಇರುವ ದೊಡ್ಡವರಲ್ಲಿ ಇದು 0.5 ದಾಟಿದರೆ ಗಣನೀಯ ಕಲೆಯ, 1 ದಾಟಿದರೆ ಸಿರೋಸಿಸ್‌ನ ಸೂಚನೆ. ವಯಸ್ಸು ಮತ್ತು ಎಸ್‌ಜಿಪಿಟಿಯನ್ನೂ ಸೇರಿಸಿದ ಲೆಕ್ಕ 'ಫಿಬ್-4'.

ಆದರೆ ಡೆಂಗಿಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಕುಡಿತದಿಂದಲೂ ಎಸ್‌ಜಿಒಟಿ ಏರುತ್ತದೆ. ಆದ್ದರಿಂದ ಅಂಕಿ ನೋಡಿ ಗಾಬರಿಯಾಗಬೇಡಿ. ವೈದ್ಯರು ಸ್ಕ್ಯಾನಿಂಗ್ ಇತ್ಯಾದಿ ನೋಡಿ ತೀರ್ಮಾನಿಸುತ್ತಾರೆ. ಅಂಕಿ ಕಡಿಮೆ ಬಂತೆಂದು ತಪಾಸಣೆ ಬಿಡಲೂಬೇಡಿ.

ಹೆಪಟೈಟಿಸ್ ಸಿ ಹೆಚ್ಚಿನವರಿಗೆ 12 ಅಥವಾ 24 ವಾರದ ಮಾತ್ರೆಯಿಂದ ವಾಸಿಯಾಗುತ್ತದೆ. ಬಿ ವೈರಸ್ಸನ್ನು ಮಾತ್ರೆಯಿಂದ ಹತೋಟಿಯಲ್ಲಿಡಬಹುದು; ವೈದ್ಯರನ್ನು ಕೇಳದೆ ನಿಲ್ಲಿಸಬಾರದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಉಚಿತ. ತಾಲ್ಲೂಕು ಆಸ್ಪತ್ರೆಯಲ್ಲಿ ಇಲ್ಲವೇ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಾಟಿ ಔಷಧಿ ನಂಬಿ ದಿನ ಕಳೆಯಬೇಡಿ.

ಒಟ್ಟಿಗೆ ಉಂಡರೆ ಇದು ಅಂಟುವುದಿಲ್ಲ. ತಟ್ಟೆ ಬೇರೆ ಇಟ್ಟು ಅವರ ಮನಸ್ಸು ನೋಯಿಸಬೇಡಿ. ಬ್ಲೇಡು, ಸೂಜಿ ಮಾತ್ರ ಹಂಚಿಕೊಳ್ಳಬಾರದು. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ.

ಸಂಘದ ಪಾಸ್‌ಬುಕ್ಕಿನಂತೆ ರಿಪೋರ್ಟುಗಳನ್ನೂ ಜೋಪಾನವಾಗಿಡಿ. ಹೋದ ವರ್ಷದ ಅಂಕಿ ಕೈಯಲ್ಲಿದ್ದರೆ ಕಲೆ ಏರಿತೋ ಇಳಿಯಿತೋ ಎಂದು ತಿಳಿಯಲು ವೈದ್ಯರಿಗೂ ಅನುಕೂಲ.