ಪಾದದ ಸುದ್ದಿ

ಕಣ್ಣು ಮುಚ್ಚಿಕೊಂಡು ಪಾದವನ್ನು ಮೇಲೆ ಕೆಳಗೆ ಆಡಿಸಿ. ನೋಡದಿದ್ದರೂ ಅದು ಎತ್ತ ಬಾಗಿದೆ ಎಂದು ತಿಳಿಯುತ್ತದೆ, ಅಲ್ಲವೇ? ಚಕ್ಕಳಮಕ್ಕಳ ಹಾಕಿ ಕುಳಿತು ಕಾಲು ಜೋಮು ಹಿಡಿದಾಗ ಮಾತ್ರ ಆ ಸುದ್ದಿ ನಿಲ್ಲುತ್ತದೆ. ಎದ್ದರೆ ಗೋಡೆ ಹಿಡಿಯಬೇಕು. ಕೃತಕ ಕಾಲು ಹಾಕಿಕೊಂಡವರಿಗೆ ಪಾದದ ಸುದ್ದಿ ದಿನವಿಡೀ ಇಲ್ಲ.

1982ರ ಜನವರಿ. ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದಲ್ಲಿ ಹಿಮಗೋಡೆ ಹತ್ತಲು ಹೋದ ಹ್ಯೂ ಹರ್ ಎಂಬ 17 ವರ್ಷದ ಹುಡುಗ, ಗೆಳೆಯನೊಂದಿಗೆ ಬಿರುಗಾಳಿಯಲ್ಲಿ ದಾರಿ ತಪ್ಪಿದ. ಮೂರು ರಾತ್ರಿ ಹಿಮದಲ್ಲೇ ಕಳೆದವು. ಇಬ್ಬರನ್ನೂ ಹುಡುಕಲು ಹೊರಟ ಸ್ವಯಂಸೇವಕ, 28 ವರ್ಷದ ಆಲ್ಬರ್ಟ್ ಡೌ, ಹಿಮಕುಸಿತಕ್ಕೆ ಸಿಕ್ಕಿ ಸತ್ತ. ಹುಡುಗರು ಬದುಕಿದರು. ಹ್ಯೂನ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಡೌನ ಋಣವನ್ನು ಅವನು ಮುಂದೆಂದೂ ಮರೆಯಲಿಲ್ಲ.

ಬೆಟ್ಟ ಹತ್ತುವುದು ಇನ್ನು ಸಾಧ್ಯವಿಲ್ಲ ಎಂದರು. ಹ್ಯೂ ತಾನೇ ಕಾಲು ಮಾಡಿಕೊಂಡ! ಬಂಡೆಯ ಸಂದಿಗೆ ತೂರುವ ತೆಳ್ಳನೆಯ ಪಾದ, ಹಿಮಕ್ಕೆ ಮೊಳೆಯ ಪಾದ. ಬೇಕೆಂದರೆ ಎತ್ತರವನ್ನೂ ಹೆಚ್ಚಿಸಿಕೊಳ್ಳಬಹುದು. ಮೊದಲು ಹತ್ತಲಾಗದಿದ್ದ ಬಂಡೆಗಳನ್ನೂ ಹತ್ತಿದ. ಮುಂದೆ ಓದಿ, ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿ, ಮೋಟಾರು, ಬ್ಯಾಟರಿ, ಪುಟ್ಟ ಕಂಪ್ಯೂಟರುಗಳಿರುವ ಪಾದಗಳನ್ನು ರೂಪಿಸಿದರು. ತಾವೇ ಹಾಕಿಕೊಂಡು ನಡೆದು ನೋಡಿದರು.

ಯಂತ್ರ ಎಷ್ಟು ಜಾಣವಾದರೂ ಅದನ್ನು ತೊಡುವ ಬಟ್ಟಲು ಮೊಂಡುಕಾಲಿಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಹೊಸ ಚಪ್ಪಲಿ ಕಚ್ಚಿದ ನೋವು ಬಲ್ಲ ಅಜ್ಜ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಪಾದದ ಸುದ್ದಿ. ಮಜ್ಜಿಗೆ ಕಡೆಯುವ ಹಗ್ಗ ನೆನಪಿದೆಯೇ? ಒಂದು ಕೈ ಎಳೆದರೆ ಇನ್ನೊಂದು ಕೈ ಬಿಟ್ಟುಕೊಡುತ್ತದೆ. ಮೊಣಕಾಲಿನ ಕೆಳಗಿನ ಸ್ನಾಯುಗಳೂ ಹಾಗೆಯೇ. ಮುಂದಿನದು ಬಿಗಿದರೆ ಹಿಂದಿನ ಮೀನಖಂಡ ಹಿಗ್ಗುತ್ತದೆ. ಈ ಎಳೆತದಿಂದಲೇ ಪಾದ ಎತ್ತ ಬಾಗಿದೆಯೆಂದು ಮಿದುಳಿಗೆ ತಿಳಿಯುವುದು. ಕಾಲು ಕತ್ತರಿಸಿದಾಗ ಈ ಜೋಡಿ ಬೇರೆಯಾಗುತ್ತದೆ, ಹಗ್ಗ ಹರಿದಂತೆ. ಅದನ್ನು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಮತ್ತೆ ಜೋಡಿಸಿ ಹೊಲಿದರೆ ಹೇಗೆ ಎಂದು ಹ್ಯೂ ಅವರ ತಂಡ ಯೋಚಿಸಿತು.

ಮೊದಲು ಒಪ್ಪಿಕೊಂಡವರು ಹ್ಯೂ ಅವರ ಹಳೆಯ ಗೆಳೆಯ, ಬಂಡೆ ಹತ್ತುವ ಜಿಮ್ ಯೂಯಿಂಗ್. 2014ರಲ್ಲಿ ಕೇಮನ್ ದ್ವೀಪದ ಬಂಡೆಯಿಂದ ಬಿದ್ದು ಅವರ ಪಾದದ ಕೀಲು ನುಚ್ಚುನೂರಾಗಿತ್ತು. ನೋವು ಹೋಗಲೇ ಇಲ್ಲ. ಯಾರಿಗೂ ಮಾಡಿರದ ಶಸ್ತ್ರಚಿಕಿತ್ಸೆಗೆ ಇರುವ ಕಾಲನ್ನು ಒಪ್ಪಿಸುವುದು ಸಣ್ಣ ಮಾತೇ? 2016ರಲ್ಲಿ ಬಾಸ್ಟನ್‌ನಲ್ಲಿ ವೈದ್ಯ ಮ್ಯಾಥ್ಯೂ ಕಾರ್ಟಿ ಅದನ್ನು ನಡೆಸಿದರು.

ಪ್ರಯೋಗಾಲಯದಲ್ಲಿ ಹೊಸ ಪಾದವನ್ನು ತಂತಿಗಳಿಂದ ಆ ಸ್ನಾಯುಗಳಿಗೆ ಜೋಡಿಸಲಾಯಿತು. ಯೂಯಿಂಗ್ ಮೆಟ್ಟಿಲು ಇಳಿದರು. ಯಾರೂ ಹೇಳಿಕೊಡದೆಯೇ ಯಂತ್ರದ ಪಾದ ತುದಿ ಕೆಳಗೆ ಮಾಡಿ ಮುಂದಿನ ಮೆಟ್ಟಿಲನ್ನು ಮುಟ್ಟಿತು, ನೀವು ಇಳಿಯುವಾಗ ಮಾಡುವ ಹಾಗೆಯೇ.