ಮೊದಲ ರಿವಾಲ್ವರ್: ಕೈ ನೋಡಿ ಕೊಳ್ಳಿರಿ!

ದೇವದುರ್ಗದ ಜಮೀನುದಾರರಿರಲಿ, ಮಾನ್ವಿಯ ಭತ್ತದ ವ್ಯಾಪಾರಿಗಳಿರಲಿ, ರಿವಾಲ್ವರ್ ಬೇಕೆಂದರೆ ಲೈಸೆನ್ಸಿಗೆ ರಾಯಚೂರು ಡಿ.ಸಿ. ಸಾಹೇಬರ ಅಪ್ಪಣೆಯೇ ಆಗಬೇಕು. ವಯಸ್ಸು 21 ತುಂಬಿರಬೇಕು, ಪೊಲೀಸ್ ವರದಿ ಬರಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 5 ವರ್ಷ.

ಲೈಸೆನ್ಸ್ ಸಿಕ್ಕಿತು. ಇನ್ನು ಯಾವುದು ತಗೋಬೇಕ್ರಿ? 'ಸಣ್ಣದು ಕೊಡ್ರಿ, ಕಿಸೆದಾಗ ಕುಂದ್ರಬೇಕು' ಅನ್ನುವವರೇ ಬಹಳ. ಎಡವಟ್ಟಾಗುವುದು ಇಲ್ಲೇ! ತೋಟಾ ಅದೇ ಇದ್ದರೆ, ರಿವಾಲ್ವರ್ ಹಗುರಾದಷ್ಟೂ ಒದೆ ಜೋರು. ಹೊಸ ಕೈ ಬೆದರಿದರೆ ಗುರಿ ಎಲ್ಲಿಂದ ಬಂದೀತು? 2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರಿಗೆಂದು ತಂದ .32 ಬೋರಿನ 'ನಿರ್ಭೀಕ್' ತೂಕ ಸುಮಾರು 500 ಗ್ರಾಂ. ಕಲಿಯುವವರಿಗೆ ತುಸು ತೂಕದ್ದು, ನಳಿಗೆ ಉದ್ದದ್ದು ಲೇಸು. ಹಿಡಿ ಅಂಗೈ ತುಂಬಬೇಕು, ಬೆರಳು ಕುದುರೆಗೆ ಸಲೀಸಾಗಿ ತಲುಪಬೇಕು.

ರಿವಾಲ್ವರಿನ ಉರುಳೆ ತೆರೆದರೆ ಗುಂಡು ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಆದರೂ ಮನೆಯಲ್ಲಿ ಮಕ್ಕಳಿದ್ದರೆ ಬೀಗ ಬೇಕೇ ಬೇಕು. ಮದುವೆ ಮೆರವಣಿಗೆಯಲ್ಲಿ ಹಾರಿಸಿ ಜನರ ಜೀವಕ್ಕೆ ಕುತ್ತು ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೀಗಕ್ಕೆ ರೊಕ್ಕ ಬಿಚ್ಚದವರು ರಿವಾಲ್ವರಿನ ಗೊಡವೆಗೆ ಹೋಗದಿರುವುದೇ ಮೇಲು!